ಉತಾರದಲ್ಲಿ ಇಲ್ಲದ ರೈತ

'ರೈತರಿಗೆ ನನ್ನ ಸಂಪೂರ್ಣ ಬೆಂಬಲವಿದೆ' ಎಂಬ ಮಾತನ್ನು ಆಡದ ಶಾಸಕ ನಮ್ಮ ಹಾವೇರಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಯಾವ ಪಕ್ಷದವನಾದರೂ ಇರಲಿ, ತಹಸೀಲ್ದಾರ ಕಚೇರಿ ಎದುರು ಧರಣಿ ಕೂತವರ ಪೆಂಡಾಲಿಗೆ ಬರುತ್ತಾನೆ, ಹಸಿರು ಶಾಲು ಹೊದ್ದುಕೊಳ್ಳುತ್ತಾನೆ, ಮನವಿಪತ್ರ ಇಸಕೊಳ್ಳುತ್ತಾನೆ, ಈ ಮಾತು ಹೇಳಿ ಕಾರು ಹತ್ತುತ್ತಾನೆ. ಬೇರೆ ಯಾವುದರಲ್ಲೂ ಒಂದಾಗದ ಪಕ್ಷಗಳು ಈ ಒಂದು ಮಾತಿನಲ್ಲಿ ಮಾತ್ರ ಅಣ್ಣತಮ್ಮಂದಿರು. ಎಲ್ಲರ ಬಾಯಿಗೂ ಇಷ್ಟು ಸಲೀಸಾಗಿ ಬರೋ ಮಾತಿನಲ್ಲಿ ಎಲ್ಲೋ ಒಂದು ಮೋಸ ಇರಲೇಬೇಕು ಅನ್ನೋದು ನಮ್ಮ ಅನುಮಾನ. ಬೆಂಬಲ ಅಂದರೇನು? ಯಾರಿಗೆ? ಅದಕ್ಕಿಂತ ಮುಖ್ಯವಾಗಿ, ಯಾರ ಎದುರು ನಿಂತು?

2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರು ದೇವರ ಹೆಸರಿನ ಜೊತೆಗೆ ರೈತರ ಹೆಸರನ್ನೂ ಸೇರಿಸಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಜೂನ್ 10ಕ್ಕೆ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಇಬ್ಬರು ರೈತರು ಸತ್ತರು. ಪ್ರಮಾಣವಚನಕ್ಕೂ ಗುಂಡಿಗೂ ನಡುವೆ ಹನ್ನೊಂದು ದಿನ. ಮುಂಗಾರಿ ಬಿತ್ತಿಗೆಯ ಹೊತ್ತು ಅದು. ಹಸಿ ಆರುವುದರೊಳಗೆ ಬೀಜ ಗೊಬ್ಬರ ಎರಡೂ ನೆಲಕ್ಕೆ ಬೀಳಬೇಕು; ಒಂದು ವಾರ ತಪ್ಪಿದರೆ ವರ್ಷವೇ ತಪ್ಪಿದಂತೆ. ಆ ಅವಸರ ಗೊತ್ತಿಲ್ಲದವರಿಗೆ ಸರತಿಯಲ್ಲಿ ನಿಂತವನ ಸಿಟ್ಟು ಗೂಂಡಾಗಿರಿಯಾಗಿ ಕಾಣುತ್ತದೆ.

ಆಣೆ ಸುಳ್ಳು, ಗುಂಡು ನಿಜ ಅಂತ ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಹಾಗೆ ಬರೆದವರು ಬಹಳ ಮಂದಿ ಇದ್ದಾರೆ. ಆದರೆ ಅದೇ ಮುಖ್ಯಮಂತ್ರಿ 2011ರಲ್ಲಿ ಕೃಷಿಗೇ ಅಂತ ಪ್ರತ್ಯೇಕ ಬಜೆಟ್ ಮಂಡಿಸಿದರು; ಮತ್ತೆ ಮುಖ್ಯಮಂತ್ರಿಯಾಗಿ 2020ರಲ್ಲಿ ಭೂಸುಧಾರಣಾ ಕಾನೂನಿನ 79-ಎ, 79-ಬಿ ಕಲಂಗಳನ್ನು ಕಿತ್ತುಹಾಕಿ, ರೈತನಲ್ಲದವನೂ ಹೊಲ ಕೊಳ್ಳಬಹುದು ಅಂತ ಬಾಗಿಲು ತೆರೆದರು. ಬಜೆಟ್ಟೂ ರೈತನ ಹೆಸರಿನಲ್ಲಿ, ತೆರೆದ ಬಾಗಿಲೂ ರೈತನ ಹೆಸರಿನಲ್ಲಿ, 'ರೈತನಿಗೆ ಒಳ್ಳೆ ರೇಟು ಸಿಗಲಿ' ಅಂತ. ಒಂದೇ ಹೆಸರನ್ನು ಇಷ್ಟು ತದ್ವಿರುದ್ಧ ಕೆಲಸಗಳಿಗೆ ಹಚ್ಚಲು ಬರುತ್ತದೆ ಅಂದರೆ ತಕರಾರು ಒಬ್ಬ ಮನುಷ್ಯನ ಪ್ರಾಮಾಣಿಕತೆಯದ್ದಲ್ಲ. ಆ ಹೆಸರಿನದ್ದು.

ನಮ್ಮ ಕೇರಿಯಲ್ಲಿ ರೈತರು ಅನ್ನಿಸಿಕೊಂಡವರು ಕಡಿಮೆ. ಹೊಲದಲ್ಲಿ ದುಡಿಯುವವರು ಮಾತ್ರ ಮನೆಮನೆಗೂ ಇದ್ದಾರೆ. ಹರಗುವವರು, ಬಿತ್ತುವವರು, ಕಳೆ ತೆಗೆಯುವವರು, ಎಣ್ಣಿ ಹೊಡೆಯುವವರು, ಹತ್ತಿ ಬಿಡಿಸುವವರು, ಗೋವಿನಜೋಳದ ತೆನಿ ಮುರಿಯುವವರು, ಬ್ಯಾಡಗಿಗೆ ಹೋಗಿ ಘಾಟಿನಲ್ಲಿ ಸೀನುತ್ತಾ ಮೆಣಸಿನಕಾಯಿ ತುಂಬು ಬಿಡಿಸುವವರು. 'ನಿಮ್ಮವ್ವ ಎಲ್ಲಿ?' ಅಂತ ಕೇಳಿದರೆ 'ಹೊಲಕ್ಕ ಹೋಗ್ಯಾಳ್ರೀ' ಅಂತ ನಾವು ಹೇಳುತ್ತಿದ್ದೆವು. ಕೂಡಲೇ ಎರಡನೇ ಪ್ರಶ್ನೆ ಬರುತ್ತಿತ್ತು: 'ಯಾರ ಹೊಲಕ್ಕ?' ಊರೊಳಗಿನ ಹುಡುಗರಿಗೆ ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ರೈತನಿಗೂ ಕೂಲಿಗೂ ಇರುವ ಫರಕನ್ನು ನಮಗೆ ಯಾವ ಅರ್ಥಶಾಸ್ತ್ರದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಕಲಿಸಲಿಲ್ಲ, ಡಿಗ್ರಿಯವರೆಗೆ ಓದಿದರೂ.

ಸರಕಾರಕ್ಕೆ ರೈತ ಅಂದರೆ ಉತಾರ. ಉತಾರದ ಕಾಲಮ್ಮಿನಲ್ಲಿ ಹೆಸರಿದ್ದವನು ರೈತ; ಇಲ್ಲದವನು, ಅವನ ಅಂಗೈಯಲ್ಲಿ ಎಷ್ಟೇ ಗುಳ್ಳೆಗಳಿರಲಿ, ಅಲ್ಲ. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6000 ರೂಪಾಯಿ ಭೂಮಿ ಇದ್ದ ಕುಟುಂಬಕ್ಕೆ. 2018ರ ಸಾಲಮನ್ನಾ ಬೆಳೆಸಾಲ ಇದ್ದವನಿಗೆ. ಬೆಳೆಸಾಲ ಹುಟ್ಟುವುದು ಉತಾರ ತೋರಿಸಿದ ಮೇಲೆ. ಸಾವುಕಾರನ ಹತ್ತಿರ ಮಗಳ ಮದುವೆಗೆ ಕೈಸಾಲ ಮಾಡಿದ ಕೂಲಿಯವನ ಸಾಲವನ್ನು ಯಾವ ಸರಕಾರ ಮನ್ನಾ ಮಾಡಬೇಕು? ಆತ್ಮಹತ್ಯೆ ಮಾಡಿಕೊಂಡವನು ಕೂಡ ಪರಿಹಾರಕ್ಕೆ ರೈತನಾಗಿಯೇ ಸತ್ತಿರಬೇಕು. ಹೆಂಗಸರ ಪಾಡಂತೂ ಬೇರೆ. ಹೊಲದಲ್ಲಿ ಹೆಚ್ಚು ಹೊತ್ತು ಬಗ್ಗಿದವರು ಅವರು, ಉತಾರದಲ್ಲಿ ಕಡಿಮೆ ಹೆಸರು ಅವರದು.

ತಮಾಷೆ ಏನೆಂದರೆ, ಇದೇ ಭಾರತ ಸರಕಾರ 2007ರಲ್ಲಿ ರಾಷ್ಟ್ರೀಯ ರೈತ ನೀತಿ ಅಂತ ಒಂದು ಕಾಗದ ಹೊರಡಿಸಿತು. ಎಂ.ಎಸ್. ಸ್ವಾಮಿನಾಥನ್ ಆಯೋಗದ ಶಿಫಾರಸಿನ ಮೇಲೆ ಬಂದದ್ದು. ಅದರಲ್ಲಿ 'ರೈತ' ಎಂಬ ಪದಕ್ಕೆ ಅರ್ಥ ಬರೆಯುವಾಗ ಕೃಷಿಕೂಲಿಗಳು, ಪಾಲಿಗೆ ಮಾಡುವವರು, ಗೇಣಿದಾರರು, ಕುರಿ ಕಾಯುವವರು, ಮೀನುಗಾರರು ಎಲ್ಲರನ್ನೂ ಸೇರಿಸಿದ್ದಾರೆ. ಅಂದರೆ 2007ರಿಂದ ಕಾಗದದಲ್ಲಿ ನಾವೂ ರೈತರೇ. ಆದರೆ ಹನ್ನೆರಡು ವರ್ಷದ ಮೇಲೆ ರೊಕ್ಕ ಹಂಚುವ ಹೊತ್ತಿಗೆ ಅದೇ ದಿಲ್ಲಿಗೆ ಆ ಕಾಗದ ನೆನಪಾಗಲಿಲ್ಲ. ಸ್ವಾಮಿನಾಥನ್ ವರದಿ ಜಾರಿಯಾಗಲಿ ಅಂತ ಎಲ್ಲ ಸಭೆಗಳಲ್ಲೂ ಘೋಷಣೆ ಕೂಗುತ್ತಾರೆ. ಬೆಲೆಯ ಸೂತ್ರ ಒಂದನ್ನು ಬಿಟ್ಟು ಉಳಿದದ್ದನ್ನು ಓದಿದವರು ಎಷ್ಟು ಮಂದಿಯೋ.

ಆ ಬೆಲೆಯ ಸೂತ್ರದ ಒಳಗೂ ನಾವಿದ್ದೇವೆ, ಬೇರೆ ವೇಷದಲ್ಲಿ. ಬೆಂಬಲ ಬೆಲೆ ಗೊತ್ತುಮಾಡುವವರು ಸಾಗುವಳಿ ಖರ್ಚನ್ನು ಲೆಕ್ಕ ಹಾಕುತ್ತಾರೆ: ಬೀಜ, ಗೊಬ್ಬರ, ಎಣ್ಣಿ, ಎತ್ತು, ಯಂತ್ರ, ಆಳು. ಅಂದರೆ ನಮ್ಮ ಅವ್ವನ ದಿನಗೂಲಿ ಡಿಎಪಿ ಚೀಲದ ಜೊತೆ ಒಂದೇ ಯಾದಿಯಲ್ಲಿ ಬರುತ್ತದೆ. 'ಖರ್ಚು ಬಾಳ ಆಗೇತ್ರಿ, ಆಳಿನ ರೇಟು ಮುಗಿಲು ಮುಟ್ಟೇತಿ' ಅಂತ ರೈತ ಶಾಸಕರ ಎದುರು ಅಳುವಾಗ ಅವನು ಅಳುವುದು ನಮ್ಮ ಹೊಟ್ಟೆಗೆ ಬೀಳುವ ಎರಡು ರೊಟ್ಟಿಯ ಬಗ್ಗೆ. ಶಾಸಕರು ಹೌದೌದು ಅಂತ ತಲೆ ಅಲ್ಲಾಡಿಸುತ್ತಾರೆ.

ಇದು ಬರೀ ಮಾತಿನ ಅಳು ಆಗಿ ಉಳಿಯಲಿಲ್ಲ. 2005ರ ಉದ್ಯೋಗ ಖಾತ್ರಿ ಕಾನೂನು ಬಂದ ಮೇಲೆ, ಸುಗ್ಗಿಯಲ್ಲಿ ಆಳು ಸಿಗುವುದಿಲ್ಲ, ಆ ಕೆಲಸ ನಿಲ್ಲಿಸಿ ಎಂಬ ಕೂಗು ದೇಶದ ತುಂಬ ಎದ್ದಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನನ್ನು ತೆಗೆದು ಹೊಸದನ್ನು ತಂದಿತು. 100 ದಿನ ಇದ್ದ ಕಡೆ 125 ದಿನ ಅಂತ ಬರೆದರು. ಜೊತೆಗೇ, ಬಿತ್ತಿಗೆ ಮತ್ತು ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ಕೊಡದೆ ಇರಲು ದಾರಿಯನ್ನೂ ಬರೆದರು. ಕೂಲಿಗೆ ಬೆಲೆ ಬರುವ ಕಾಲವೆಂದರೆ ಆ ಎರಡೇ. 'ಗೌಡ್ರ, ಇಷ್ಟು ಕೊಟ್ರ ಬರ್ತೀವಿ, ಇಲ್ಲಂದ್ರ ಕೆರಿ ಕೆಲಸಕ್ಕ ಹೋಕ್ಕೀವಿ' ಅನ್ನುವ ಧೈರ್ಯ ಬರುವುದು ಆ ಅರವತ್ತು ದಿನಗಳಲ್ಲೇ. ಇದೂ ರೈತರಿಗೆ ಕೊಟ್ಟ ಬೆಂಬಲವೇ ಸ್ವಾಮಿ. ಯಾರ ಎದುರು ನಿಂತು ಕೊಟ್ಟದ್ದು ಅಂತ ಮಾತ್ರ ಕೇಳಬೇಕು.

ಇಲ್ಲಿ ಗೆಳೆಯರು ಒಂದು ತಕರಾರು ತೆಗೆಯುತ್ತಾರೆ. ಎರಡು ಎಕರೆ ಮಳೆಯಾಶ್ರಿತ ಹೊಲ ಇದ್ದವನು ಯಾವ ದೊರೆ? ಅವನೂ ಸಾಲಗಾರ, ಅವನೂ ಬೇಸಿಗೆಯಲ್ಲಿ ಕೂಲಿಗೆ ಹೋಗುತ್ತಾನೆ, ಅವನನ್ನೂ ನಮ್ಮನ್ನೂ ಹೊಡೆದಾಡಿಸಿದರೆ ಲಾಭ ಪಟ್ಟಭದ್ರರಿಗೆ ಅಂತ. ಇದು ಖರೆ ಮಾತು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದಾಗ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ಗಾಡಿಗಳಿಗೆ ಬೆಂಕಿ ಹಚ್ಚಿದರಲ್ಲ, ಆ ಸಿಟ್ಟಿನ ಹಿಂದೆ ವರ್ಷದ ಸಾಲ ಇತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮವರಲ್ಲೂ ದರಖಾಸ್ತಿನ ಎರಡೆರಡು ಎಕರೆ ಪಡೆದವರಿದ್ದಾರೆ. ಆ ಭೂಮಿ ಕೈಬಿಟ್ಟು ಹೋಗದಿರಲಿ ಅಂತಲೇ 1978ರಲ್ಲಿ ದೇವರಾಜ ಅರಸರ ಸರಕಾರ ಕಾನೂನು ಮಾಡಿತ್ತು. ಬಡರೈತನನ್ನು ನಾವು ವೈರಿ ಅನ್ನುತ್ತಿಲ್ಲ. ಅವನ ಜೊತೆ ನಿಲ್ಲಲು ತಯಾರಿದ್ದೇವೆ. ಆದರೆ ಅವನ ಜೊತೆ ನಿಲ್ಲುವುದಕ್ಕೆ ಅವನ ಪಡಸಾಲೆಯ ಹೊರಗೆ ಕೂತು ಚಾ ಕುಡಿಯಬೇಕು ಅನ್ನುವ ಕರಾರು ಯಾಕೆ?

ಈ ಪ್ರಶ್ನೆ ನಮಗಿಂತ ಮುಂಚೆ, ನಮಗಿಂತ ಬಹಳ ದೊಡ್ಡವರೊಬ್ಬರಿಗೆ ಎದುರಾಗಿತ್ತು. 1937ರಲ್ಲಿ ಹೊಸರಿತ್ತಿ, ಹಾವೇರಿ, ಇಡೀ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದವು. ಆ ಪ್ರಾಂತದ ಶಾಸನಸಭೆಯಲ್ಲಿ ಆ ವರ್ಷ ಸೆಪ್ಟೆಂಬರ್ 17ರಂದು ಒಬ್ಬ ಶಾಸಕರು ಖೋತಿ ಪದ್ಧತಿ ರದ್ದಾಗಲಿ ಅಂತ ಮಸೂದೆ ತಂದರು. ಕೊಂಕಣದಲ್ಲಿ ಸರಕಾರಕ್ಕೂ ಸಾಗುವಳಿದಾರನಿಗೂ ನಡುವೆ ಕೂತು ಕಂದಾಯ ಎತ್ತುತ್ತಿದ್ದವನು ಖೋತ. ಅವನು ಹೇಳಿದ್ದೇ ಗೇಣಿ, ಅವನು ಕರೆದದ್ದೇ ಬಿಟ್ಟಿ ಚಾಕರಿ. ಮಸೂದೆ ತಂದ ಶಾಸಕರ ಹೆಸರು ಡಾ. ಬಿ.ಆರ್. ಅಂಬೇಡ್ಕರ್. 1938ರ ಜನವರಿ 10ರಂದು ಸಾವಿರಾರು ರೈತರು ಮುಂಬಯಿಗೆ ಬಂದು ಕೌನ್ಸಿಲ್ ಹಾಲಿನ ಕಡೆಗೆ ಮೆರವಣಿಗೆ ಹೋದರು.

ಆ ಗೇಣಿದಾರರು ಯಾರು? ಮಹಾರರೂ ಇದ್ದರು, ಆದರೆ ದೊಡ್ಡ ಸಂಖ್ಯೆ ಕುಣಬಿಗಳದು, ಸವರ್ಣೀಯ ರೈತರದು. ಬರೋಬ್ಬರಿ ಹತ್ತು ವರ್ಷ ಹಿಂದೆ, 1927ರ ಮಾರ್ಚ್ 20ರಂದು, ಅದೇ ಕೊಂಕಣದ ಮಹಾಡದಲ್ಲಿ ಚವದಾರ ಕೆರೆಯ ನೀರು ಮುಟ್ಟಿದ್ದಕ್ಕೆ ಅಂಬೇಡ್ಕರರ ಜನ ಹೊಡೆತ ತಿಂದಿದ್ದರು. ನೀರು ಕೊಡದ ಸೀಮೆಯ ರೈತನಿಗೆ ನೆಲ ಕೊಡಿಸಲು ಹೊರಟ ಶಾಸಕ ಅವರು. ಇದನ್ನು ಔದಾರ್ಯ ಅಂತ ಕರೆದು ಮಾಲೆ ಹಾಕುವುದು ಬೇಡ. ಅದು ಲೆಕ್ಕಾಚಾರವೂ ಆಗಿತ್ತು, ಒಳ್ಳೆಯ ಅರ್ಥದಲ್ಲಿ. ಖೋತನ ಕಾಲ ಕೆಳಗಿನ ಕುಣಬಿಗೂ ಮಹಾರನಿಗೂ ಒಂದೇ ನೋವು ಅಂತ ತೋರಿಸಿದರೆ ಜಾತಿಯ ಕಟ್ಟು ಸಡಿಲಾದೀತು ಎಂಬ ಆಸೆ ಅದರಲ್ಲಿತ್ತು. ಮಸೂದೆ ಪಾಸಾಗಲಿಲ್ಲ. ಆಗ ಮುಂಬಯಿಯಲ್ಲಿ ಸರಕಾರ ನಡೆಸುತ್ತಿದ್ದದ್ದು ಕಾಂಗ್ರೆಸ್ಸು. ಖೋತಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ.

ನಮಗೆ ಮುಖ್ಯ ಅನ್ನಿಸುವುದು ಇಷ್ಟು: ಆ ಶಾಸಕರ ಬೆಂಬಲಕ್ಕೆ ಎದುರುಗಡೆ ಒಂದು ಮುಖವಿತ್ತು. ಖೋತ ಎಂಬ ಮುಖ. ಅವನು ದಿಲ್ಲಿಯಲ್ಲಿ ಇರಲಿಲ್ಲ, ಅದೇ ಊರಲ್ಲಿದ್ದ. ಹೀಗೆ ಒಂದು ಮುಖದ ಎದುರು ನಿಂತ ಬೆಂಬಲ ನಮ್ಮ ಕಡೆಯೂ ಆಗಿದೆ. 1951ರಲ್ಲಿ ಕಾಗೋಡಿನ ದೀವರ ಗೇಣಿದಾರರು ಭೂಮಾಲೀಕರ ಎದುರು ನಿಂತಾಗ ಜೊತೆ ನಿಂತ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾದರು; ಹೋರಾಟ ಮೊದಲು, ಕುರ್ಚಿ ಆಮೇಲೆ. 1980ರ ಜುಲೈ 21ರ ನರಗುಂದ ನವಲಗುಂದ ಬಂಡಾಯ ಮಲಪ್ರಭೆಯ ನೀರಿಗೆ ಹಾಕಿದ ಅಭಿವೃದ್ಧಿ ಕರದ ವಿರುದ್ಧ ಎದ್ದದ್ದು, ಗುಂಡೂರಾವ್ ಸರಕಾರದ ಗೋಲಿಬಾರ್ ಉಂಡದ್ದು. ಅದರಿಂದ ಬೆಳೆದ ರೈತಸಂಘ 1989ರ ಚುನಾವಣೆಯಲ್ಲಿ ಬಾಬಾಗೌಡ ಪಾಟೀಲರನ್ನು ಗೆಲ್ಲಿಸಿತು, ಅವರು ಬಿಟ್ಟ ಧಾರವಾಡದ ಸ್ಥಾನದಿಂದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಸದನಕ್ಕೆ ಹೋದರು. ಸರಕಾರದ ಎದುರು, ಬ್ಯಾಂಕಿನ ಎದುರು, ಆಮೇಲೆ ಬಹುರಾಷ್ಟ್ರೀಯ ಕಂಪನಿಗಳ ಎದುರು ಅವರು ನಿಂತದ್ದಕ್ಕೆ ನಮ್ಮ ಸಲಾಮು ಇದೆ. ಆದರೆ ಊರೊಳಗಿನ ಎದುರಾಳಿಯ ಮಾತು ಬಂದಾಗ ಹಸಿರು ಶಾಲಿನ ದನಿ ತಗ್ಗುತ್ತಿತ್ತು ಅಂತ ಕೇರಿಯ ಹಿರಿಯರು ಹೇಳುತ್ತಾರೆ. ದೂರದ ವೈರಿಯನ್ನು ಬೈಯ್ಯಲು ಧೈರ್ಯ ಬೇಕು, ನಿಜ. ಪಕ್ಕದ ಓಣಿಯವನನ್ನು ಕೇಳಲು ಬೇರೆಯೇ ಧೈರ್ಯ ಬೇಕು.

ಹೊಸರಿತ್ತಿಯ ಹೆಸರು ಬಂತು, ಅದನ್ನು ದಾಟಿ ಹೋಗಲು ಮನಸ್ಸಿಲ್ಲ. 1943ರ ಏಪ್ರಿಲ್ 1ರಂದು ವರದಾ ದಂಡೆಯ ಈ ಊರಿನ ಗುಡಿಯಲ್ಲಿ ರೈತರಿಂದ ಎತ್ತಿದ ಕಂದಾಯದ ಹಣ ಇಟ್ಟಿದ್ದರು, ಪೊಲೀಸರ ಕಾವಲಿತ್ತು. ಅದನ್ನು ವಶ ಮಾಡಿಕೊಳ್ಳಲು ಬಂದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ ಗುಂಡಿಗೆ ಬಿದ್ದರು. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ ಅವರು. ಅವರ ಜೊತೆ ಸತ್ತವರು ಇಬ್ಬರು: ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಡಿವಾಳ ಅಂದರೆ ಊರಿನ ಬಟ್ಟೆ ಒಗೆದು ರಾಶಿಯ ಕಣದಲ್ಲಿ ಆಯ ಪಡೆಯುತ್ತಿದ್ದ ಕುಲ. ಕಂದಾಯದ ಚೀಟಿ ಬರುವುದು ಹೊಲದ ಒಡೆಯನ ಹೆಸರಿಗೆ, ಆಯದವನ ಹೆಸರಿಗಲ್ಲ. ಆದರೂ ಆ ಪೆಟ್ಟಿಗೆಯ ಎದುರು ಬಿದ್ದ ಮೂರು ಹೆಣಗಳಲ್ಲಿ ಒಂದು ಆಯದ ಕುಲದವನದು. ಅವರು ಯಾರೂ ಶಾಸಕರಲ್ಲ, ಓಟು ಕೇಳಿದವರಲ್ಲ. ರೈತರ ಪರವಾಗಿ ನಿಲ್ಲಲು ರೈತನಾಗಿರಬೇಕಾಗಿಲ್ಲ ಅಂತ ಆ ಹೆಣ ಹೇಳಿಹೋಯಿತು. ತಿರುಗಿ ಕೂಲಿಯವರ ಪರವಾಗಿ ನಿಲ್ಲಲು ಕೂಲಿಯವನೇ ಆಗಿರಬೇಕೇನು, ಅನ್ನೋದು ಹಾವೇರಿ ಜಿಲ್ಲೆಯ ರೈತ ಬಂಧುಗಳಿಗೆ ನಾವು ಕೇಳುವ ಮಾತು.

ಇನ್ನು ನಮ್ಮವರೇ ಶಾಸಕರಾದರೆ? ಹಾವೇರಿ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಗೋಲಿಬಾರ್ ಆದದ್ದು ಆ ಮೀಸಲು ಬಂದ ಮೊದಲ ಚುನಾವಣೆ ಮುಗಿದ ಮರುತಿಂಗಳಲ್ಲೇ. ಯಾರ ಹೆಸರನ್ನೂ ಹಿಡಿದು ನಾವು ಮಾತಾಡುತ್ತಿಲ್ಲ. ಆ ಕುರ್ಚಿಯ ಕಟ್ಟಡವೇ ಹಾಗಿದೆ. 1932ರ ಸೆಪ್ಟೆಂಬರ್ 24ರಂದು ಪುಣೆಯ ಯರವಡಾ ಜೈಲಿನಲ್ಲಿ ಆದ ಒಪ್ಪಂದ ಏನು ಮಾಡಿತು? ಅಭ್ಯರ್ಥಿ ನಮ್ಮವನು, ಓಟು ಎಲ್ಲರದು. ಕೇರಿಯ ಓಟಿನಿಂದಲೇ ಗೆಲ್ಲಲು ಬರುವುದಿಲ್ಲ. ಊರಿನವರಿಗೆ ಇಷ್ಟವಾದವನೇ ಗೆಲ್ಲಬೇಕು. ಹಾಗಾಗಿ ಮೀಸಲು ಕ್ಷೇತ್ರದ ಶಾಸಕ ಬೇರೆಯವರಿಗಿಂತ ಗಟ್ಟಿದನಿಯಲ್ಲಿ ರೈತ, ರೈತ ಅನ್ನಬೇಕಾಗುತ್ತದೆ. ಕೂಲಿ ಅಂತ ಬಾಯಿ ಬಿಟ್ಟರೆ 'ಏನೋ ತಮ್ಮಾ, ಜಾತಿ ಮಾಡಾಕ ಹತ್ತಿದಿ?' ಅಂತ ಕೇಳುತ್ತಾರೆ. ಊರು ಊರಿಗಾಗಿ ಮಾತಾಡಿದರೆ ಅದು ಜಿಲ್ಲೆಯ ಹಿತ. ಕೇರಿ ಕೇರಿಗಾಗಿ ಮಾತಾಡಿದರೆ ಅದು ಜಾತಿ.

2021ರಲ್ಲಿ, ಇದೇ ಜಿಲ್ಲೆಯ ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಕೂಡಲೇ ರೈತ ವಿದ್ಯಾನಿಧಿ ತಂದರು. ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ. ಹೊಲ ಇಲ್ಲದ ಕೂಲಿಯವರ ಮಕ್ಕಳು ಆ ಯೋಜನೆಯೊಳಗೆ ಬಂದದ್ದು ಮುಂದಿನ ವರ್ಷ, 2022ರಲ್ಲಿ, ತಿದ್ದುಪಡಿಯಾಗಿ. ಬಂದದ್ದು ಒಳ್ಳೆಯದೇ, ಅದನ್ನು ಅಲ್ಲಗಳೆಯುವ ಸಣ್ಣತನ ಬೇಡ. ಆದರೆ ಮೊದಲ ಕರಡು ಬರೆಯುವಾಗ ಅಧಿಕಾರಿಗಳ ಕಣ್ಣ ಮುಂದೆ ಯಾರ ಮಕ್ಕಳಿದ್ದರು? ಮನೆಯಲ್ಲಿ ಮೊದಲ ಸಲ ಪದವಿ ಕಂಡ ನಮ್ಮಂಥವರಿಗೆ ಈ ಒಂದು ವರ್ಷದ ಅಂತರ ಬಹಳ ಪರಿಚಿತ. ಪಂಕ್ತಿಯಲ್ಲಿ ಎರಡನೇ ಸಲಕ್ಕೆ ಕೂತ ಹಾಗೆ.

1974ರಲ್ಲಿ ಅರಸರು ಭೂಸುಧಾರಣೆ ತಂದಾಗಲೂ ಹೀಗೇ ಆಯಿತು, ಇನ್ನೂ ದೊಡ್ಡದಾಗಿ. ಉಳುವವನೇ ಒಡೆಯ ಅಂದರು. ಭೂನ್ಯಾಯಮಂಡಳಿಗಳಲ್ಲಿ ಒಬ್ಬ ಪರಿಶಿಷ್ಟ ಸದಸ್ಯನಾದರೂ ಇರಬೇಕು ಅಂತ ಕಾನೂನಿನಲ್ಲೇ ಬರೆದರು. ಗೇಣಿದಾರ ಒಡೆಯನಾದ; ಅದು ಈ ನಾಡಿನ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ ನಮ್ಮ ಮುತ್ತಜ್ಜ ಗೇಣಿದಾರನಾಗಿರಲಿಲ್ಲ. ಅವನು ಗೇಣಿದಾರನ ಆಳು. ಕಾನೂನಿಗೆ ಉಳುವವನು ಅಂದರೆ ಉಳುಮೆಯ ಕಾಗದ ಇದ್ದವನು, ನೇಗಿಲು ಹಿಡಿದವನಲ್ಲ. ಗೇಣಿಗೆ ಕೊಡುವುದನ್ನೇ ಆ ಕಾನೂನು ನಿಷೇಧಿಸಿತು, ಸೈನಿಕರಂಥವರನ್ನು ಬಿಟ್ಟು. ಹೀಗಾಗಿ ಇವತ್ತು ಲಾವಣಿ ಹಾಕಿಕೊಂಡು ಬೇರೆಯವರ ಹೊಲ ಮಾಡುವ ನಮ್ಮ ಹುಡುಗ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಲಾವಣಿ ರೊಕ್ಕ ಮುಂಗಡ ಕೊಡುವವನು ಅವನು, ಬೀಜಕ್ಕೆ ಸಾಲ ಮಾಡುವವನು ಅವನು. ಪೀಕು ಹೋದಾಗ ಪರಿಹಾರ ಜಮಾ ಆಗುವುದು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಕೂತ ಉತಾರದ ಒಡೆಯನ ಖಾತೆಗೆ.

ಇಷ್ಟೆಲ್ಲ ಹೇಳಿದ ಮೇಲೆ 'ಹಂಗಾದ್ರ ಶಾಸಕ ಏನ್ ಮಾಡಬೇಕಪಾ?' ಅಂತ ಕೇಳುತ್ತೀರಿ. ಗೊಬ್ಬರಕ್ಕೆ ದಿಲ್ಲಿಯನ್ನು ಕೇಳಬೇಕು, ಬೆಲೆಗೆ ವಿಧಾನಸೌಧವನ್ನು ಕೇಳಬೇಕು, ಅವನ ಕೈಯಲ್ಲಿ ಏನಿದೆ ಅಂತ. ಒಂದು ಇದೆ. ಬಗರ್ ಹುಕುಂ ಸಮಿತಿ. ಸರಕಾರಿ ಭೂಮಿಯಲ್ಲಿ ತಲೆಮಾರುಗಳಿಂದ ಕಲ್ಲು ಆರಿಸಿ, ಮುಳ್ಳು ಕಡಿದು ಸಾಗುವಳಿ ಮಾಡಿದವರ ಅರ್ಜಿ ಅಲ್ಲಿಗೆ ಹೋಗುತ್ತದೆ. 1991ರ 50ನೇ ನಮೂನೆ, ಆಮೇಲೆ 53ನೇ ನಮೂನೆ, 2018ರ 57ನೇ ನಮೂನೆ. ಅಜ್ಜ ಕೊಟ್ಟ ಅರ್ಜಿಯನ್ನು ಮೊಮ್ಮಗ ನಮೂನೆ ಬದಲಿಸಿ ಕೊಟ್ಟಿದ್ದಾನೆ. ಆ ಸಮಿತಿಯ ಅಧ್ಯಕ್ಷ ಕ್ಷೇತ್ರದ ಶಾಸಕನೇ. ಮುಖ್ಯಮಂತ್ರಿಯಲ್ಲ, ಪ್ರಧಾನಿಯಲ್ಲ, ಮಳೆರಾಯನೂ ಅಲ್ಲ. ಮತ್ತು ಅಲ್ಲಿ ಎದುರಾಳಿ ಅನೇಕ ಸಲ ಅದೇ ಊರಿನ, ಅದೇ ಗಾಂವಠಾಣದ ಪಕ್ಕದ ದೊಡ್ಡ ಹಿಡುವಳಿದಾರ, ಕಳೆದ ಚುನಾವಣೆಯಲ್ಲಿ ಪೆಂಡಾಲು ಹಾಕಿಸಿದವನು.

ಮುಂದಿನ ಸಲ ಹಸಿರು ಶಾಲಿನ ಸಭೆಗೆ ನಾವೂ ಹೋಗುತ್ತೇವೆ. ಗೊಬ್ಬರ ಬೇಕು ಅಂತ ನಾವೂ ಕೂಗುತ್ತೇವೆ, ಗೋವಿನಜೋಳಕ್ಕೆ ಬೆಲೆ ಬೇಕು ಅಂತಲೂ ಕೂಗುತ್ತೇವೆ. ಆಮೇಲೆ ಶಾಸಕರು 'ಸಂಪೂರ್ಣ ಬೆಂಬಲ' ಅಂದ ಕೂಡಲೇ ಎದ್ದು ನಿಂತು ಕೇಳುವುದು ಇದೆ: ಸಾಹೇಬ್ರ, ಬಗರ್ ಹುಕುಂ ಸಮಿತಿ ಈ ವರ್ಷ ಎಷ್ಟು ಸಲ ಕೂತಿತು? ಕೇರಿಯವರ ಅರ್ಜಿ ಎಷ್ಟಿದ್ದವು, ಎಷ್ಟು ವಜಾ ಮಾಡಿದಿರಿ, ಏನು ಕಾರಣ ಬರೆದಿರಿ? ನಮ್ಮ ತಾಲ್ಲೂಕಿನಲ್ಲಿ ಕೂಲಿ ಕೆಲಸ ನಿಲ್ಲಿಸುವ ಅರವತ್ತು ದಿನ ಯಾವುವು ಅಂತ ಗೊತ್ತುಮಾಡುವಾಗ ನೀವು ಯಾರನ್ನು ಕೇಳಿದಿರಿ?